ಶಾಂತಕ್ಕನ ಫೋನು, ನಾನು ಮುಚ್ಚಿಟ್ಟ ಗೆರೆ

ಶಾಂತಕ್ಕ, ಊರಿನ ಆಶಾ ಕಾರ್ಯಕರ್ತೆಯಾಗಿ ಅವತ್ತು ನೀವು ಫೋನ್ ಮಾಡಿದ್ದು ವಾಂತಿ-ಭೇದಿಯ ಸುದ್ದಿ ಹೇಳುವುದಕ್ಕೇ. ಲಸಿಕೆಯ ಪಟ್ಟಿ ಕೇಳಲು ಮಾಡಿದ್ದರು ಎಂದು ವಿಚಾರಣೆಯಲ್ಲಿ ಹೇಳಿದವಳು ನಾನು. ಅದು ಸುಳ್ಳು. ನಾಲ್ಕು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡ ಸುಳ್ಳು.

ನಿಮಗೆ ಗೊತ್ತಿಲ್ಲದ ಇನ್ನೊಂದು ಮಾತಿದೆ. ರೋಗಗಳ ಮೇಲೆ ಕಣ್ಣಿಡುವ ನಮ್ಮ ಕಚೇರಿಗೆ ಆಗ ಹೊಸ ಪ್ರಯೋಗವೊಂದು ಬಂದಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕುಗಳ ಜನ ಮೊಬೈಲಿನಲ್ಲಿ ಯಾವ ಕಾಯಿಲೆಯ ಬಗ್ಗೆ ಎಷ್ಟು ಹುಡುಕುತ್ತಾರೆ ಎಂಬುದು ನನ್ನ ಕಂಪ್ಯೂಟರಿನಲ್ಲಿ ಏರಿಳಿಯುವ ಗೆರೆಯಾಗಿ ಕಾಣುತ್ತಿತ್ತು. ಹುಡುಕಿದವರು ಯಾರು, ಯಾವ ಊರಿನವರು ಎಂದು ತಿಳಿಯುತ್ತಿರಲಿಲ್ಲ. ಆದರೆ ದವಾಖಾನೆಗೆ ಬರುವ ಮೊದಲು ಜನ ಮೊಬೈಲನ್ನೇ ಕೇಳುತ್ತಾರಲ್ಲ — ಗೆರೆ ಏರಿದರೆ ಎಲ್ಲೋ ಜಡ್ಡು ಹರಡುತ್ತಿರಬಹುದು.

ಇಲ್ಲದೆಯೂ ಇರಬಹುದು. ಒಮ್ಮೆ ಸಿಂದಗಿಯ ಗೆರೆ ಏರಿತೆಂದು ತಂಡವನ್ನು ಓಡಿಸಿದ್ದೆ. ಅಲ್ಲಿ ಯಾರಿಗೂ ಜ್ವರವಿರಲಿಲ್ಲ. ಟಿವಿಯಲ್ಲಿ ಡೆಂಗಿ ಸುದ್ದಿ ನೋಡಿ ಹೆದರಿ ಹುಡುಕಿದ್ದರು, ಅಷ್ಟೇ. "ಮೊಬೈಲ್ ನೋಡಿ ಜಡ್ಡು ಹೇಳಾಕಿ ಬಂದ್ಳು" ಎಂದು ಕಚೇರಿಯಲ್ಲಿ ಬಹಳ ದಿನ ನಕ್ಕರು.

ಆಮೇಲೆ ನಿಮ್ಮ ಬಾಗೇವಾಡಿ ತಾಲ್ಲೂಕಿನ ಗೆರೆ ಏರಿತು. ವಾಂತಿ, ಭೇದಿ, ಮಕ್ಕಳಿಗೆ ಏನು ಕುಡಿಸಬೇಕು — ಮೂರು ದಿನ ಏರುತ್ತಲೇ ಹೋಯಿತು. ನೋಡಿಯೂ ಸುಮ್ಮನಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ನಿಮ್ಮ ಫೋನು.

"ಮೇಡಂ, ನಮ್ಮೂರಾಗ ನಾಕ್ ಮನ್ಯಾಗ ವಾಂತಿ-ಭೇದಿ ಹತ್ತೈತ್ರಿ. ನಳದ ನೀರಿನ ಮ್ಯಾಲ ನನಗ ಸಂಶೆ ಐತಿ. ಲಗೂನ ಯಾರನ್ನರ ಕಳಸ್ರಿ."

"ನೋಡತೇನಿ ಬಿಡ್ರಿ" ಎಂದೆ. ದಾಖಲೆಯ ಪುಸ್ತಕ ಎದುರಿಗೇ ಇತ್ತು, ಬರೆಯಲಿಲ್ಲ. ಮತ್ತೆ ನಗೆಪಾಟಲಾದರೆ — ತಲೆಯಲ್ಲಿದ್ದದ್ದು ಅದೊಂದೇ.

ತಂಡ ನಿಮ್ಮೂರಿಗೆ ಹೋದದ್ದು ಐದು ದಿನ ತಡವಾಗಿ. ಅಷ್ಟರಲ್ಲಿ ಓಣಿಗೆ ಓಣಿಯೇ ಮಲಗಿತ್ತು. ಏಳು ತಿಂಗಳ ಬಸುರಿಯಾಗಿದ್ದ ನಿಮ್ಮ ಸೊಸೆಯನ್ನು ವಿಜಯಪುರದ ದವಾಖಾನೆಗೆ ಒಯ್ದರು. ತಾಯಿ, ಮಗು ಉಳಿದರು. ಅದರಲ್ಲಿ ನನ್ನ ಪಾಲೇನೂ ಇಲ್ಲ. "ಆಶಾ ಕಾರ್ಯಕರ್ತೆ ನಿಮಗ ತಿಳಿಸಿದ್ಳೇನು?" ಎಂದು ವಿಚಾರಣೆಯಲ್ಲಿ ಅಧಿಕಾರಿಗಳು ಕೇಳಿದಾಗ ನೀವು ಅಲ್ಲೇ ನಿಂತಿದ್ದಿರಿ. "ಇಲ್ರಿ ಸರ್. ಲಸಿಕಿ ಪಟ್ಟಿ ಕೇಳಾಕ ಫೋನ್ ಮಾಡಿದ್ರು" ಎಂದೆ. ನೀವು ನನ್ನ ಮುಖವನ್ನೇ ನೋಡಿದಿರಿ. ನೋಟಿಸು ನಿಮಗೆ ಹೋಯಿತು. ಗೊತ್ತಿದ್ದೂ ಹೇಳಲಿಲ್ಲವೆಂದು ಊರ ಹೆಂಗಸರು ನಿಮ್ಮನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತಿದ್ದರಂತೆ — ಅದೂ ನನ್ನ ಕಿವಿಗೆ ಬಿತ್ತು. ಆಗಲೂ ಬಾಯಿ ಬಿಡಲಿಲ್ಲ.

ಹೋದ ತಿಂಗಳು ಇಂಡಿಯಲ್ಲಿ ವಾಂತಿ-ಭೇದಿಯ ಗೆರೆ ಏರಿತು. ಈ ಸಲ ನಾನು ಕಾಯಲಿಲ್ಲ. ಆ ತಾಲ್ಲೂಕಿನ ಆಶಾ ಕಾರ್ಯಕರ್ತೆಯರಿಗೆ ಒಬ್ಬೊಬ್ಬರಾಗಿ ಫೋನ್ ಮಾಡುತ್ತ ಹೋದೆ. ಹಲವರು ಏನೂ ಇಲ್ಲವೆಂದರು. ಕೊನೆಗೊಬ್ಬಳು, "ಹೌದ್ರಿ, ಎರಡ್ ಮನ್ಯಾಗ ಐತಿ. ನಿಮಗ ಹೆಂಗ ಗೊತ್ತಾತ್ರಿ?" ಎಂದಳು. ಮಧ್ಯಾಹ್ನದೊಳಗೆ ತಂಡ ಅಲ್ಲಿತ್ತು. ಗಟಾರದ ಪಕ್ಕ ಒಡೆದಿದ್ದ ಪೈಪು ಸಿಕ್ಕಿತು, ನಳ ಬಂದ್ ಮಾಡಿದರು, ಟ್ಯಾಂಕರ್ ತರಿಸಿದರು. ಮೂರನೆಯ ಮನೆಗೆ ಜಡ್ಡು ದಾಟಲಿಲ್ಲ.

ಎಲ್ಲರೂ ಹೊಗಳಿದರು. ಈ ರೀತಿಯನ್ನು ಎಲ್ಲಿ ಕಲಿತಿರೆಂದು ಹೊಸ ಅಧಿಕಾರಿಗಳು ಕೇಳಿದರು. ಗೆರೆ ನೋಡಿದ ಮೇಲೆ ಊರಿನವರ ಮಾತು ಕೇಳಬೇಕು — ಅದನ್ನು ಕಲಿಸಿದವರು ನೀವು, ಶಾಂತಕ್ಕ. ನನ್ನಿಂದಲೇ ತಪ್ಪಿತಸ್ಥೆ ಅನಿಸಿಕೊಂಡ ನೀವು. ಅವರೆದುರು ಮೊದಲ ಬಾರಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬರೆದೂ ಕೊಟ್ಟೆ. ನಿಮ್ಮ ಮೇಲಿನ ನೋಟಿಸು ರದ್ದಾಗುತ್ತದೆ. ನನ್ನ ಮೇಲೆ ವಿಚಾರಣೆ ನಡೆಯುತ್ತದೆ. ನಡೆಯಲಿ.

ಆದರೆ ಕಾಗದ ರದ್ದಾದರೆ ನಿಮ್ಮೂರಿನ ಮನೆಗಳ ಬಾಗಿಲು ತೆರೆಯುವುದಿಲ್ಲ. ಭಾನುವಾರ ಬರುತ್ತಿದ್ದೇನೆ. ಪಂಚಾಯಿತಿ ಕಟ್ಟೆಯ ಮುಂದೆ ನಿಂತು ಹೇಳುತ್ತೇನೆ: ಶಾಂತಕ್ಕ ಹೇಳಿದ್ದರು, ನಾನು ಬರೆದುಕೊಳ್ಳಲಿಲ್ಲ. ಆಮೇಲೆ ಊರವರು ನನಗೆ ಏನಂದರೂ, ಎಷ್ಟು ಹೊತ್ತು ಅಂದರೂ, ಅಲ್ಲೇ ನಿಂತು ಕೇಳಿಸಿಕೊಳ್ಳುತ್ತೇನೆ.