ಹಣೆಯಿಲ್ಲದ ಪಟ್ಟಿಗೆ ವಿಭೂತಿ

ಹುನಗುಂದದ ಮತೀನ ಕಂಪ್ಯೂಟರ್ ರಿಪೇರಿ ಮಾಡುವವನು. ಯಂತ್ರ ಮುಟ್ಟುವ ಮೊದಲು ಮನೆಯವರ ಮಾತನ್ನು ಪೂರ್ತಿ ಕೇಳುವುದು ಅವನ ರೂಢಿ. ಪರರ ಕಷ್ಟಕ್ಕೆ ಕಿವಿಗೊಡುವುದನ್ನು ನಾನು ಭಕ್ತಿಯೆಂದೇ ನಂಬಿದವನು. ಆದ್ದರಿಂದ, ಬಂಧುಗಳೇ, ಅವನ ಕುರಿತು ಬರೆಯುತ್ತಿದ್ದೇನೆ.

ಇಳಕಲ್ಲಿನ ಸಂಗವ್ವನವರ ಪತಿ ಅಮಾತೆಪ್ಪನವರು ಸೀರೆಯ ಸೆರಗು, ದಡಿಗಳಿಗೆ ಚಿತ್ತಾರ ಬಿಡಿಸುತ್ತಿದ್ದರು. ಅವರು ಲಿಂಗೈಕ್ಯರಾದ ಮೇಲೆ ಆ ಚಿತ್ತಾರಗಳು ಉಳಿದದ್ದು ಮನೆಯ ಕಂಪ್ಯೂಟರಿನಲ್ಲಿ ಮಾತ್ರ. ಮಹಾನವಮಿ ಮುಗಿದದ್ದೇ ಅದು ಕೆಟ್ಟಿತು. ಸೊಸೆ ಶೀಲಾ ಚಿತ್ತಾರ ತೆರೆದರೆ ಸಾಕು, ಪರದೆ ನೀಲಿಯಾಗಿ ಯಂತ್ರ ನಿಂತುಬಿಡುತ್ತಿತ್ತು. ಮತೀನ ಬಂದಾಗ, ಇಳಕಲ್ಲಿಗೆ ಪ್ರವಚನಕ್ಕೆ ಹೋಗಿದ್ದ ನಾನೂ ಅಲ್ಲಿದ್ದೆ.

“ಹೊಸದಾಗಿ ಏನರ ಹಾಕೀರೇನ್ರಿ ಅಕ್ಕಾರ?”

“ಪ್ರಿಂಟರ್ ತಂದೇವಿ. ಅದರ ಡ್ರೈವರ್ ಹಾಕೇನಿ,” ಎಂದಳು ಶೀಲಾ.

“ಮತ್ತೇನರ?”

“ಏನೂ ಮಾಡಿಲ್ಲಪ್ಪ,” ಎಂದರು ಸಂಗವ್ವ. “ಹಬ್ಬದಾಗ ಪೂಜಿ ಮಾಡೇನಿ, ಅಷ್ಟ.”

ಪೂಜೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಪ್ರಿಂಟರ್ ನಡೆಸುವ ಆ ಡ್ರೈವರನ್ನು ಮತೀನ ತೆಗೆದುಹಾಕಿದ. ಚಿತ್ತಾರ ಅರ್ಧ ತೆರೆಯಿತು, ಮತ್ತೆ ನೀಲಿ. ಶೀಲಾಳ ಕೈ ಗುಂಡಿಯತ್ತ ಹೋಯಿತು.

“ಬ್ಯಾಡ್ರಿ,” ಎಂದ ಮತೀನ. “ಹಿಂಗ ನಿಂತು ನಿಂತು ಫೈಲ ಕೆಟ್ಟು ಹೋಗ್ತಾವ.”

ಸಂಗವ್ವ ಕೊರಳ ಲಿಂಗವನ್ನು ಹಿಡಿದುಕೊಂಡರು.

ಮೆಮೊರಿಯ ಮೇಲೆ ಅನುಮಾನ ಬಂದು, ಮತೀನ ಕರೆಂಟು ತೆಗೆದು ಡಬ್ಬಿ ಬಿಚ್ಚಿದ. ಒಳಗಿನ ಮೆಮೊರಿ ಪಟ್ಟಿಯನ್ನು ಹೊರತೆಗೆದು ಬೆಳಕಿಗೆ ಹಿಡಿದ. ಅದರ ಹೊಂಬಣ್ಣದ ಅಂಚಿನ ಮೇಲೆ ಮೂರೆಳೆ ವಿಭೂತಿ; ಯಂತ್ರಕ್ಕೆ ತಾಗಬೇಕಾದ ಅಂಚನ್ನೇ ಅದು ಮುಚ್ಚಿತ್ತು. ವಿಭೂತಿ ನಮ್ಮ ಪಾಲಿಗೆ ಎಂಥದೆಂದು ಬಲ್ಲವನು, ಪಟ್ಟಿಯನ್ನು ನನ್ನ ಮುಂದೆ ಹಿಡಿದ. ಊರೂರು ಪ್ರವಚನ ಹೇಳುವ ನಾನು ಅವನ ಕೈಯನ್ನು ಸಂಗವ್ವನವರತ್ತ ತಿರುಗಿಸಿದೆ.

“ನಾನ ಹಚ್ಚೇನಿ,” ಎಂದರು ಸಂಗವ್ವ. “ಧೂಳ ಝಾಡಿಸುವಾಗ ಶೀಲಾ ಹೊರಗ ತಗದಿಟ್ಟಿದ್ಲು. ಮಷಿನ್ನಿನ ನೆನಪು ಈ ಪಟ್ಟ್ಯಾಗ ಇರತೈತಿ ಅಂದ್ಲು. ನಮ್ಮವರು ಇದರಾಗ ಅದಾರ ಅನ್ಕೊಂಡು ಹಚ್ಚಿದೆ; ಆಕಿ ನೋಡಲಾರದ ತಿರುಗಿ ಕೂಡಿಸಿದ್ಲು. ಅದನ್ನ ಅಳಿಸಬ್ಯಾಡಪ್ಪ.”

“ಅವರ ಚಿತ್ತಾರ ಡಿಸ್ಕಿನ್ಯಾಗ ಅದಾವರಿ ಅವ್ವಾರ. ಇದು ಕೆಲಸದ ಹೊತ್ತಿನ ನೆನಪಷ್ಟ. ಮಷಿನ್ ಆರಿಸಿದ್ರ ಎಲ್ಲಾ ಮರೀತೈತಿ. ವಿಭೂತಿ ಹಚ್ಚಾಕ ಇದಕ್ಕ ಹಣಿ ಇಲ್ಲರಿ.”

ಸಂಗವ್ವ ಲಿಂಗದಿಂದ ಕೈ ತೆಗೆದರು. “ಒರಸು.”

ಭಸ್ಮ ನೆಲಕ್ಕೆ ಬೀಳದಂತೆ ಮತೀನ ತನ್ನ ಕರವಸ್ತ್ರ ಹಾಸಿಕೊಂಡು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅಂಚನ್ನು ತಿಕ್ಕಿದ. ಪಟ್ಟಿ ಕೂಡಿಸಿ ಗುಂಡಿ ಒತ್ತಿದ. ಚಿತ್ತಾರ ಅರ್ಧ ಬಂದು ನಿಂತಿತು. ಬಳಿಕ ಮೆಲ್ಲನೆ ಉಳಿದರ್ಧವೂ ಇಳಿಯಿತು: ಅಮಾತೆಪ್ಪನವರು ಬಿಡಿಸಿದ, ಗೋಪುರಗಳ ಸಾಲಿನಂಥ ತೋಪು ತೆನೆಯ ಸೆರಗು.

“ಮೊದಲ ಇವನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಡ್ತೇನಿ,” ಎಂದ ಮತೀನ. ಸಂಗವ್ವ ಆಗಲೇ ಭಸ್ಮದ ಸಮೇತ ಕರವಸ್ತ್ರವನ್ನು ಮಡಚಿ, ಕಣ್ಣಿಗೊತ್ತಿಕೊಂಡು ದೇವರ ಜಗಲಿಯತ್ತ ನಡೆದಿದ್ದರು.

“ಅವ್ವಾರ, ಅದು ನಂದರಿ.”

“ಇನ್ನ ನಿಂದಲ್ಲ ಬಿಡು,” ಎಂದರು ಅವರು, ತಿರುಗದೆ.