ದಿಬ್ಬದ ಮಣ್ಣು ಹೊತ್ತ ರುದ್ರವ್ವ

ಮಡಗಾಂವ್ ಹೊರವಲಯದ ಶೂಟಿಂಗ್ ರೇಂಜಿನಲ್ಲಿ ಗುರಿಯ ಕಾಗದ ಅಂಟಿಸುವುದು, ಖಾಲಿ ಕಾಡತೂಸು ಗುಡಿಸುವುದು ರುದ್ರವ್ವನ ಕೆಲಸ. ಹನ್ನೆರಡು ವರ್ಷಗಳ ಹಿಂದೆ ಮುದ್ದೇಬಿಹಾಳದಿಂದ ಬಂದವಳು, ಗುಂಡು ತಡೆಯುವ ದಿಬ್ಬಕ್ಕೆ ಮಣ್ಣು ಹೊತ್ತು, ಆಮೇಲೆ ಅಲ್ಲಿಯೇ ಉಳಿದಳು.

ಅಲ್ಲಿ ಪಾಯಿಂಟ್ ಟೂ-ಟೂ ರೈಫಲ್ಲಿಗೆ ಮಾತ್ರ ಅನುಮತಿ. ದೊಡ್ಡ ಗುಂಡಿನವು ನಿಷಿದ್ಧವೆಂದು ಬಾಗಿಲಲ್ಲೇ ಬೋರ್ಡಿದೆ. ಒಂದು ಭಾನುವಾರ ಕ್ಲಬ್ಬಿನ ಕಾರ್ಯದರ್ಶಿ ಬರುವ ಮೊದಲೇ ಹೊಸ ಸದಸ್ಯ ದಿಗಂಬರರಾಯರು ಬಂದರು. ಬೆಳಗಾವಿಯ ನಿವೃತ್ತ ಬ್ಯಾಂಕ್ ಅಧಿಕಾರಿ. ತಂದೆಯ ಕಾಲದ, ದೊಡ್ಡ ಗುಂಡಿನ ತ್ರೀ-ಒನ್-ಫೈವ್ ರೈಫಲ್ ಹೊರತೆಗೆದರು.

"ಲೈಸೆನ್ಸ್ ಅದ ನನ್ನ ಕಡೆ. ಒಂದೇ ಗುಂಡು ಹೊಡೀತೀನಿ, ಕಾಗದ ಹಚ್ಚವಾ."

"ಹಚ್ಚೂದಿಲ್ರಿ ಸಾಹೇಬ್ರ."

"ರೈಫಲ್ ಬಗ್ಗೆ ನಿನಗೇನ್ ಗೊತ್ತದ?"

"ರೈಫಲ್ ಗೊತ್ತಿಲ್ರಿ, ದಿಬ್ಬ ಗೊತ್ತೈತ್ರಿ. ಇದರ ಮಣ್ಣು ನಾನ ಹೊತ್ತೇನಿ. ಬುಡದಾಗ ದಪ್ಪ ಐತಿ, ಮ್ಯಾಲ ಬರೇ ಎರಡು ಮೊಳ, ದೊಡ್ಡ ಗುಂಡು ತಡಿಯೂದಿಲ್ರಿ. ಬರ್ರಿ, ಹಿಂದ ಏನೈತಿ ತೋರಸ್ತೀನಿ."

ರಾಯರು ಸಿಡುಕುತ್ತಲೇ ಅವಳ ಹಿಂದೆ ನಡೆದರು. ದಿಬ್ಬದಾಚೆಯ ಇಳಿಜಾರಿನಲ್ಲಿ ಕಟ್ಟಡ ಕೆಲಸಗಾರರ ತಗಡಿನ ಶೆಡ್ಡುಗಳಿದ್ದವು. ಒಬ್ಬ ಹೆಂಗಸು ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು.

"ಇಲ್ಲಿ ಮಂದಿ ಇರ್ತಾರಂತ ನನಗ ಗೊತ್ತಿರಲಿಲ್ಲವಾ," ಎಂದರು ರಾಯರು ಮೆಲ್ಲಗೆ.

ಮರಳಿ ಬಂದು ರೈಫಲ್ ಚೀಲಕ್ಕೆ ಸೇರಿಸಿದರು. ಕಾರ್ಯದರ್ಶಿ ಬಂದಾಗ ನಡೆದದ್ದನ್ನು ತಾವೇ ಹೇಳಿ, ಕ್ಲಬ್ಬಿನ ಟೂ-ಟೂ ಇಸಿದುಕೊಂಡರು.

"ಅಂಜಿಕಿ ಆಗಲಿಲ್ಲೇನು?" ಎಂದು ಕಾರ್ಯದರ್ಶಿ ಆಮೇಲೆ ರುದ್ರವ್ವನನ್ನು ಕೇಳಿದರು.

"ಭಾಳ ಆಗಿತ್ರಿ," ಎಂದು ಅವಳು ನಲ್ಲಿಯ ಕಡೆ ನಡೆದು, ತಣ್ಣೀರಿನಲ್ಲಿ ಮುಖ ತೊಳೆದುಕೊಂಡಳು.