ತಮ್ಮನ ಅಳು ನಿಂತ ದಿನ

ನೆಗಡಿಯೆಂದು ಮೊಮ್ಮಗಳು ಅರಿಶಿನದ ಕೊಂಬು ಸುಟ್ಟಳು. ಆ ಹೊಗೆ ಮೂಗಿಗೆ ಬಡಿದದ್ದೇ ನನ್ನ ಚಿಕ್ಕಂದಿನ, ಅಂಚೆಟ್ಟಿಯ ನಮ್ಮ ಹಳೇ ಮನೆಗೆ ಹೋಗಿಬಿಟ್ಟೆ.

ಹಾಲು ಕುಡಿಯುವ ತಮ್ಮನಿಗೆ ಜ್ವರ. ಉಸಿರೆಳೆದಾಗೆಲ್ಲ ಪಕ್ಕೆ ಗುಳಿ ಬೀಳುತ್ತಿತ್ತು.

“ಆಸ್ಪತ್ರೆಗೆ ಎತ್ಕೊಂಡೋಗಾನ ಅತ್ತೆ,” ಎಂದು ಅಮ್ಮ ಅಂಗಲಾಚಿದಳು.

“ಇದಕ್ಕೆ ಡಾಕ್ಟ್ರು ಏನ್ ಮಾಡ್ತಾನೆ? ಬರೆ ಹಾಕುದ್ರೆ ಸರೋಯ್ತದೆ,” ಎಂದ ಅಜ್ಜಿ, ಕೆಂಡದಲ್ಲಿ ಕಾಯಿಸಿದ ಅರಿಶಿನದ ಕೊಂಬನ್ನು ಅವನ ಪಕ್ಕೆಗೆ ಒತ್ತಿದಳು. ಕೂಸು ಕಿರುಚಿತು, ನರಳಿತು, ಆಮೇಲೆ ಸುಮ್ಮನಾಯಿತು.

“ನೋಡ್ದಾ, ಅಳು ನಿಲ್ತು. ಬರೆ ಹಿಡೀತು,” ಎಂದು ಅಜ್ಜಿ ಎಲೆಅಡಿಕೆ ಹಾಕಿಕೊಂಡಳು.

ಅಳುವುದಕ್ಕೂ ಅವನಲ್ಲಿ ಉಸಿರು ಉಳಿದಿರಲಿಲ್ಲ. ಸಂಜೆ ಮಣ್ಣು ಮಾಡಿ ಬಂದರು. ಅದು ನ್ಯುಮೋನಿಯಾ ಎಂದು ನನಗೆ ತಿಳಿಯುವಷ್ಟರಲ್ಲಿ, ಬೈಯೋಣವೆಂದರೆ ಅಜ್ಜಿಯೂ ಇರಲಿಲ್ಲ.

ಈಗ ಮೊಮ್ಮಗಳ ಕೂಸು ಮನೆ ಹಾರಿಹೋಗುವಂತೆ ಅಳುತ್ತಿದೆ. ಸುಮ್ಮನಿರಿಸಲು ಎದ್ದವಳನ್ನು ಗದರಿದೆ: “ಅಳ್ಲಿ ಬುಡಮ್ಮಿ!”